ಐವ್ಸ್ ಬರೆದದ್ದು, ಸಂಪಾದಕರು ಬಿಡಿಸಿದ್ದು

ಅಮೆರಿಕದ ಸಂಗೀತ ರಚನಕಾರ ಚಾರ್ಲ್ಸ್ ಐವ್ಸ್ 1954ರ ಮೇ 19ರಂದು ನ್ಯೂಯಾರ್ಕಿನಲ್ಲಿ ತೀರಿಕೊಂಡಾಗ ಅವರಿಗೆ 79 ವರ್ಷ. ಪುಲಿಟ್ಜರ್ ಪ್ರಶಸ್ತಿ ಬಂದು ಏಳು ವರ್ಷವಾಗಿತ್ತು. ಆದರೆ ಅವರ ಸಂಗೀತದ ಬಹುಪಾಲು ಅಚ್ಚಾಗಿರಲಿಲ್ಲ. ಅಚ್ಚಾದದ್ದರಲ್ಲೂ ಸಾಕಷ್ಟನ್ನು ನಂಬುವ ಹಾಗಿರಲಿಲ್ಲ. ಕನೆಕ್ಟಿಕಟ್ ರಾಜ್ಯದ ವೆಸ್ಟ್ ರೆಡಿಂಗ್‌ನ ಅವರ ಮನೆಯಲ್ಲಿ ಉಳಿದಿದ್ದದ್ದು ಸಾವಿರಾರು ಹಾಳೆಗಳು: ಪೆನ್ಸಿಲಿನಲ್ಲಿ ಗೀಚಿದ ಕರಡು, ಶಾಯಿಯಲ್ಲಿ ತಿದ್ದಿ ಬರೆದ ಪ್ರತಿ, ಲಿಪಿಕಾರರು ನಕಲು ಮಾಡಿಕೊಟ್ಟದ್ದು, ಅದರ ಫೋಟೋಸ್ಟಾಟ್, ಆ ಫೋಟೋಸ್ಟಾಟಿನ ಮೇಲೆ ಮತ್ತೆ ತಿದ್ದುಪಡಿ. ಒಂದೇ ಹಾಳೆಯ ಎರಡು ಮಗ್ಗುಲಲ್ಲಿ ಹತ್ತು ವರ್ಷಗಳ ಅಂತರದ ಎರಡು ಕೃತಿಗಳಿದ್ದರೂ ಆಶ್ಚರ್ಯವಿರಲಿಲ್ಲ. ಅವರ ಪತ್ನಿ ಹಾರ್ಮನಿ 1955ರಲ್ಲಿ ಇದನ್ನೆಲ್ಲ ಯೇಲ್ ವಿಶ್ವವಿದ್ಯಾಲಯಕ್ಕೆ ಕೊಟ್ಟರು. ಪಿಯಾನೋ ವಾದಕ ಜಾನ್ ಕರ್ಕ್‌ಪ್ಯಾಟ್ರಿಕ್ ವರ್ಷಗಟ್ಟಲೆ ಕೂತು ಹಾಳೆಗೆ ಹಾಳೆ ಜೋಡಿಸಿ 1960ರಲ್ಲಿ ಒಂದು ಸೂಚಿ ಹೊರತಂದರು. ಅದು ಸೈಕ್ಲೋಸ್ಟೈಲ್ ಮಾದರಿಯ ಪ್ರತಿ. ಅದರ ಹೆಸರಿನಲ್ಲೇ ‘ತಾತ್ಕಾಲಿಕ’ ಎಂಬ ಮಾತಿತ್ತು. ಇಂದು ನಾವು ಐವ್ಸ್ ಎಂದು ಕೇಳುವ ಸಂಗೀತದ ದೊಡ್ಡ ಭಾಗ ಈ ಹಾಳೆಗಳನ್ನು ಓದಿ, ಊಹಿಸಿ, ಜೋಡಿಸಿದವರ ಕೈಯಿಂದ ಬಂದದ್ದು. ಇದನ್ನು ಒಪ್ಪಿಕೊಳ್ಳಲು ಸಂಗೀತ ಲೋಕ ಈಗಲೂ ಹಿಂಜರಿಯುತ್ತದೆ. ಐವ್ಸ್‌ರಂಥ ರಚನಕಾರರ ವಿಷಯದಲ್ಲಿ ‘ಅಂತಿಮ ಪಾಠ’ ಒಂದನ್ನು ಕೊಡುತ್ತೇನೆ ಎನ್ನುವ ಸಂಪಾದಕರು ಪರಂಪರೆಯನ್ನು ಉಳಿಸುವುದಿಲ್ಲ, ಕಿರಿದು ಮಾಡುತ್ತಾರೆ. ರಚನಕಾರ ಎಲ್ಲಿ ಮನಸ್ಸು ಗಟ್ಟಿ ಮಾಡಿರಲಿಲ್ಲವೋ ಅಲ್ಲಿ ಆ ಅನಿಶ್ಚಯವನ್ನೂ ಅಚ್ಚು ಮಾಡಿ, ತನ್ನ ತೀರ್ಮಾನಗಳ ಕೆಳಗೆ ತನ್ನ ರುಜು ಹಾಕುವವನೇ ಒಳ್ಳೆಯ ಸಂಪಾದಕ.

ಹಾಳೆಗಳು ಹೀಗಾದದ್ದಕ್ಕೆ ಐವ್ಸ್ ಬದುಕಿದ ರೀತಿಯೇ ಕಾರಣ. 1874ರಲ್ಲಿ ಡ್ಯಾನ್‌ಬರಿ ಎಂಬ ಊರಿನಲ್ಲಿ ಹುಟ್ಟಿದ ಅವರಿಗೆ ಮೊದಲ ಗುರು ಬ್ಯಾಂಡ್ ಮಾಸ್ಟರ್ ಆಗಿದ್ದ ತಂದೆ ಜಾರ್ಜ್. ಯೇಲ್‌ನಲ್ಲಿ ಹೊರೇಷಿಯೋ ಪಾರ್ಕರ್ ಅವರ ಬಳಿ ಕಲಿತು 1898ರಲ್ಲಿ ಪದವಿ ಪಡೆದ ಮೇಲೆ ಸಂಗೀತವನ್ನು ಹೊಟ್ಟೆಪಾಡು ಮಾಡಿಕೊಳ್ಳದೆ ಜೀವವಿಮೆಯ ಉದ್ಯೋಗ ಹಿಡಿದರು. ಜೂಲಿಯನ್ ಮೈರಿಕ್ ಜೊತೆ ಕಟ್ಟಿದ ಏಜೆನ್ಸಿ ದೇಶದ ದೊಡ್ಡ ವಿಮಾ ಏಜೆನ್ಸಿಗಳಲ್ಲಿ ಒಂದಾಯಿತು. ಸಂಜೆ, ಭಾನುವಾರ, ರಜೆಯ ದಿನಗಳಲ್ಲಿ ಸಂಗೀತ. ಪ್ರಕಾಶಕರ ಗಡುವಿಲ್ಲ, ವಾದಕರ ಒತ್ತಾಯವಿಲ್ಲ, ಪ್ರಥಮ ಪ್ರದರ್ಶನದ ದಿನಾಂಕವಿಲ್ಲ. ಸಾಮಾನ್ಯವಾಗಿ ಒಂದು ಕೃತಿಯನ್ನು ‘ಮುಗಿಸುವುದು’ ಇಂಥ ಹೊರಗಿನ ಒತ್ತಡಗಳೇ. ನಾಳೆ ವಾದ್ಯವೃಂದದ ಅಭ್ಯಾಸ ಇದೆ ಎಂದಾಗ ರಚನಕಾರ ಪೆನ್ನು ಕೆಳಗಿಡುತ್ತಾನೆ. ಐವ್ಸ್‌ಗೆ ಪೆನ್ನು ಕೆಳಗಿಡುವ ಅಗತ್ಯವೇ ಬರಲಿಲ್ಲ. 1918ರ ಅಕ್ಟೋಬರಿನಲ್ಲಿ ಹೃದಯಾಘಾತವಾಯಿತು, ಆಮೇಲೆ ಮಧುಮೇಹವೂ ಕಾಡಿತು. ಇಪ್ಪತ್ತರ ದಶಕದ ನಡುವಿಗೆ ಹೊಸ ರಚನೆ ಬಹುತೇಕ ನಿಂತಿತು. ಆದರೆ ತಿದ್ದುವುದು ನಿಲ್ಲಲಿಲ್ಲ. ಕೈ ನಡುಗುತ್ತಿದ್ದುದರಿಂದ ಲಿಪಿಕಾರರನ್ನು ನೇಮಿಸಿಕೊಂಡರು. ಅವರು ಓದಲಾಗದೆ ತಪ್ಪು ಬರೆದದ್ದೂ ಐವ್ಸ್ ಬೇಕೆಂದೇ ಬರೆದದ್ದೂ ಎಷ್ಟೋ ಕಡೆ ಒಂದೇ ಥರ ಕಾಣುತ್ತವೆ. ತಪ್ಪು ಸ್ವರವನ್ನೇ ಬಯಸಿ ಬರೆಯುವ ರಚನಕಾರನ ಹಸ್ತಪ್ರತಿಯಲ್ಲಿ ತಪ್ಪನ್ನು ಹುಡುಕುವುದು ಹೇಗೆ? ಮೊಟ್ಸಾರ್ಟ್ ಸಂಪಾದಕರಿಗೆ ಇರುವ ದೊಡ್ಡ ಆಸರೆ, ಅಂದರೆ ‘ಇದು ಕಿವಿಗೆ ಹೊಂದುವುದಿಲ್ಲ, ಆದ್ದರಿಂದ ಬರಹದ ದೋಷ’ ಎಂಬ ನಿಯಮ, ಇಲ್ಲಿ ಕೆಲಸಕ್ಕೆ ಬಾರದು.

ಪ್ರಕಟಣೆಯ ವಿಷಯದಲ್ಲೂ ಅವರದು ಬೇರೆಯೇ ದಾರಿ. ಪಿಯಾನೋಗಾಗಿ ಬರೆದ ‘ಕಾಂಕರ್ಡ್ ಸೊನಾಟಾ’ವನ್ನು 1920–21ರಲ್ಲಿ, ‘114 ಹಾಡುಗಳು’ ಸಂಪುಟವನ್ನು 1922ರಲ್ಲಿ ಸ್ವಂತ ದುಡ್ಡಿನಿಂದ ಅಚ್ಚು ಹಾಕಿಸಿ, ಪರಿಚಯವಿಲ್ಲದ ಸಂಗೀತಗಾರರಿಗೂ ಪುಕ್ಕಟೆ ಕಳಿಸಿದರು. ಹೆಚ್ಚಿನವರು ಓದಲಿಲ್ಲ, ಕೆಲವರು ನಕ್ಕರು. ಎಮರ್ಸನ್, ಹಾಥಾರ್ನ್, ಆಲ್ಕಾಟ್ ಕುಟುಂಬ, ಥೋರೋ ಹೆಸರಿನ ನಾಲ್ಕು ಭಾಗಗಳ ಈ ಸೊನಾಟಾವನ್ನು ಕರ್ಕ್‌ಪ್ಯಾಟ್ರಿಕ್ 1939ರ ಜನವರಿ 20ರಂದು ನ್ಯೂಯಾರ್ಕಿನ ಟೌನ್ ಹಾಲಿನಲ್ಲಿ ಇಡಿಯಾಗಿ ನುಡಿಸಿದ ಮೇಲೆ ಜನ ಬೆರಗಾದರು. ಅಷ್ಟರಲ್ಲಿ ಐವ್ಸ್ ಮೊದಲ ಮುದ್ರಣದ ಪ್ರತಿಗಳ ಮೇಲೇ ತಿದ್ದುತ್ತ ಹೋಗಿದ್ದರು. ಒಂದಲ್ಲ, ಹಲವು ಪ್ರತಿಗಳ ಮೇಲೆ. ಒಂದರಲ್ಲಿ ಇದ್ದ ತಿದ್ದುಪಡಿ ಇನ್ನೊಂದರಲ್ಲಿ ಇರುತ್ತಿರಲಿಲ್ಲ. 1947ರಲ್ಲಿ ಎರಡನೆಯ ಆವೃತ್ತಿ ಬಂತು. ವಾಡಿಕೆಯ ನ್ಯಾಯದ ಪ್ರಕಾರ ಕೊನೆಯದಾಗಿ ರಚನಕಾರ ಒಪ್ಪಿದ ಪಾಠವೇ ಪ್ರಮಾಣ. ಆದರೆ 1933ರಿಂದ 1943ರ ನಡುವೆ ಐವ್ಸ್ ತಾವೇ ಪಿಯಾನೋ ನುಡಿಸಿ ಮಾಡಿಸಿಕೊಂಡ ಖಾಸಗಿ ಧ್ವನಿಮುದ್ರಿಕೆಗಳು ಉಳಿದಿವೆ. ಅವುಗಳಲ್ಲಿ ಎಮರ್ಸನ್ ಭಾಗದ ಸಾಮಗ್ರಿ ಯಾವ ಅಚ್ಚಿನ ಪಾಠಕ್ಕೂ ಸರಿಯಾಗಿ ಹೊಂದದೆ ಹೊಸ ಹೊಸ ತಿರುವು ಪಡೆಯುತ್ತದೆ. ಆ ಭಾಗ ಎಂದೂ ಮುಗಿಯಬಾರದು ಎಂಬುದೇ ಅವರ ನಿಲುವಾಗಿತ್ತು ಎಂದು ಈ ಸಾಕ್ಷ್ಯ ಹೇಳುತ್ತದೆ. ಕರ್ಕ್‌ಪ್ಯಾಟ್ರಿಕ್ ಅವರಿಗೂ ಇದು ಗೊತ್ತಿತ್ತು. ರಚನಕಾರರ ಹೊಸ ತಿದ್ದುಪಡಿಗಿಂತ ಹಳೆಯ ಪಾಠವೇ ಚೆನ್ನ ಎಂದು ಅವರಿಗೆ ತೋರಿದ ಕಡೆ ಅವರು ಹಳೆಯದನ್ನೇ ಉಳಿಸಿಕೊಂಡರು. ಐವ್ಸ್ ಅವರನ್ನು ಕರ್ಕ್‌ಪ್ಯಾಟ್ರಿಕ್ ಅವರಷ್ಟು ಪ್ರೀತಿಸಿದವರು, ಐವ್ಸ್ ಜೊತೆ ಅವರಷ್ಟು ವಾದಿಸಿದವರು ಬೇರೆ ಇರಲಾರರು.

ವಾದ್ಯವೃಂದದ ಕೃತಿಗಳಿಗೆ ಬಂದರೆ ಸಂಪಾದಕರ ಪಾತ್ರ ಇನ್ನೂ ದೊಡ್ಡದು. ಥರ್ಡ್ ಸಿಂಫನಿಯನ್ನು ಐವ್ಸ್ ಬರೆದದ್ದು ಇಪ್ಪತ್ತನೆಯ ಶತಮಾನದ ಮೊದಲ ದಶಕದಲ್ಲಿ. ಅದು ಜನರ ಕಿವಿಗೆ ಬಿದ್ದದ್ದು 1946ರ ಏಪ್ರಿಲ್ 5ರಂದು, ಯುವ ರಚನಕಾರ ಲೂ ಹ್ಯಾರಿಸನ್ ಹಸ್ತಪ್ರತಿಯಿಂದ ಪಾಠ ಸಿದ್ಧಪಡಿಸಿ, ತಾವೇ ನಿರ್ದೇಶಿಸಿ ನುಡಿಸಿದಾಗ. ಮರುವರ್ಷ ಅದಕ್ಕೆ ಪುಲಿಟ್ಜರ್ ಬಂತು. ಐವ್ಸ್ ಬಹುಮಾನದ ಅರ್ಧ ಹಣವನ್ನು ಹ್ಯಾರಿಸನ್‌ಗೆ ಕೊಟ್ಟರು. ಉದಾರ ಮನಸ್ಸಿನ ಕಾಣಿಕೆ ಎಂದು ಇದನ್ನು ಹೊಗಳುವವರಿದ್ದಾರೆ. ನನಗೆ ಇದು ಲೆಕ್ಕ ಬಲ್ಲ ವಿಮಾ ವ್ಯವಹಾರಸ್ಥರ ನ್ಯಾಯವಾದ ಪಾಲು ಹಂಚಿಕೆಯಂತೆ ಕಾಣುತ್ತದೆ. ಫೋರ್ತ್ ಸಿಂಫನಿಯ ಕಥೆ ಇನ್ನೂ ಉದ್ದ. ಅದರ ಮೊದಲೆರಡು ಭಾಗಗಳನ್ನು 1927ರಲ್ಲಿ ಯೂಜೀನ್ ಗೂಸೆನ್ಸ್ ನುಡಿಸಿದರು. ಎರಡನೆಯ ಭಾಗವನ್ನು ಹೆನ್ರಿ ಕವೆಲ್ ತಮ್ಮ ‘ನ್ಯೂ ಮ್ಯೂಸಿಕ್’ ಪತ್ರಿಕೆಯಲ್ಲಿ 1929ರಲ್ಲಿ ಅಚ್ಚು ಹಾಕಿದರು. ಉಳಿದದ್ದು, ಅದರಲ್ಲೂ ಕೊನೆಯ ಭಾಗ, ಫಿಲಡೆಲ್ಫಿಯಾದ ಫ್ಲೈಶರ್ ಸಂಗ್ರಹಾಲಯದ ಲಿಪಿಕಾರರು ಗೀಚುಬರಹವನ್ನು ಬಿಡಿಸಿ ಓದುವವರೆಗೆ ಕಾಯಬೇಕಾಯಿತು. 1965ರ ಏಪ್ರಿಲ್ 26ರಂದು ಕಾರ್ನೆಗಿ ಹಾಲಿನಲ್ಲಿ 83ರ ವಯಸ್ಸಿನ ಲಿಯೊಪೋಲ್ಡ್ ಸ್ಟೊಕೊವ್ಸ್ಕಿ ಅದನ್ನು ಇಡಿಯಾಗಿ ನಡೆಸಿದಾಗ ಜೊತೆಗೆ ಇಬ್ಬರು ಸಹಾಯಕ ನಿರ್ದೇಶಕರು ಬೇಕಾದರು, ಏಕೆಂದರೆ ವೃಂದದ ಒಂದು ಗುಂಪು ಒಂದು ಲಯದಲ್ಲಿ, ಮತ್ತೊಂದು ಗುಂಪು ಇನ್ನೊಂದು ಲಯದಲ್ಲಿ ಸಾಗುತ್ತದೆ. ಐವ್ಸ್ ಆಗ ತೀರಿಕೊಂಡು ಹನ್ನೊಂದು ವರ್ಷ. ಅವರು ಈ ಕೃತಿಯನ್ನು ಇಡಿಯಾಗಿ ಕಿವಿಯಾರೆ ಒಮ್ಮೆಯೂ ಕೇಳಲಿಲ್ಲ. ಹಾಗಿರುವಾಗ ಅವರ ‘ಕೊನೆಯ ಇಚ್ಛೆ’ ಯಾವುದೆಂದು ಯಾರು ಹೇಳಬಲ್ಲರು?

ಸೆಕೆಂಡ್ ಸಿಂಫನಿಯ ಕೊನೆಯ ಒಂದು ಸ್ವರಗುಚ್ಛ ಈ ಇಡೀ ಸಮಸ್ಯೆಯನ್ನು ಒಂದು ಕ್ಷಣದಲ್ಲಿ ಹಿಡಿದುಕೊಡುತ್ತದೆ. ಜಾನಪದ ಧಾಟಿ, ಪ್ರಾರ್ಥನಾ ಗೀತೆ, ಕಾಲೇಜು ಹಾಡು, ಬ್ರಾಮ್ಸ್ ನೆನಪು, ಎಲ್ಲವನ್ನೂ ಹೆಣೆದು ಸಂಭ್ರಮದಿಂದ ಮುಗಿಯಬೇಕಾದ ಕೃತಿ, ಕೊನೆಯಲ್ಲಿ ಎಲ್ಲ ವಾದ್ಯಗಳೂ ಒಟ್ಟಿಗೆ ಅಣಕಿಸಿದ ಹಾಗೆ, ಹನ್ನೊಂದು ಬೇರೆ ಬೇರೆ ಸ್ವರಗಳ ಕರ್ಕಶ ಗುಚ್ಛವೊಂದರಲ್ಲಿ ಮುಗಿಯುತ್ತದೆ. ಶತಮಾನದ ಆರಂಭದಲ್ಲೇ ಇಂಥ ಧೈರ್ಯವೇ ಎಂದು ಕೇಳುಗರು ಬೆರಗಾಗುತ್ತಾರೆ. ಅಸಲು, ಆ ಗುಚ್ಛ ಸೇರಿದ್ದು 1950ರ ಸುಮಾರಿಗೆ, ಲಿಯೊನಾರ್ಡ್ ಬರ್ನ್‌ಸ್ಟೈನ್ ನ್ಯೂಯಾರ್ಕ್ ಫಿಲ್‌ಹಾರ್ಮೋನಿಕ್‌ನೊಂದಿಗೆ 1951ರ ಫೆಬ್ರವರಿ 22ರಂದು ಮಾಡಿದ ಪ್ರಥಮ ಪ್ರದರ್ಶನಕ್ಕಾಗಿ ಪಾಠ ಸಿದ್ಧವಾಗುತ್ತಿದ್ದಾಗ. ಮೊದಲು ಅಲ್ಲಿದ್ದದ್ದು ಸರಳವಾದ, ಎಲ್ಲರೂ ನಿರೀಕ್ಷಿಸುವಂಥ ಮುಕ್ತಾಯ. ಅಷ್ಟೇ ಅಲ್ಲ: ಬರೆದಿರುವ ಪ್ರಕಾರ ಆ ಕರ್ಕಶ ಗುಚ್ಛ ಚುಟುಕಾದದ್ದು, ಹೊಡೆದು ಬಿಡುವಂಥದ್ದು. ಬರ್ನ್‌ಸ್ಟೈನ್ ಅದನ್ನು ಎಳೆದು ಹಿಡಿದರು. ಅವರ ಧ್ವನಿಮುದ್ರಿಕೆಯಿಂದ ಕಲಿತ ಎಷ್ಟೋ ನಿರ್ದೇಶಕರು ಅದೇ ರೀತಿ ಎಳೆದರು. ಬರ್ನ್‌ಸ್ಟೈನ್ ಮಾಡಿದ ಕತ್ತರಿ ಪ್ರಯೋಗಗಳೂ ರೂಢಿಯಾದವು. 1951ರ ಮುದ್ರಿತ ಪಾಠದಲ್ಲಿ ನೂರಾರು ತಪ್ಪುಗಳು ನುಸುಳಿದ್ದವು. ಜೊನಾಥನ್ ಎಲ್ಕಸ್ ಸಿದ್ಧಪಡಿಸಿದ ಪರಿಷ್ಕೃತ ಪಾಠದಿಂದ ಕೆನೆತ್ ಶರ್ಮರ್‌ಹಾರ್ನ್ ನ್ಯಾಶ್‌ವಿಲ್ ಸಿಂಫನಿ ವೃಂದದೊಂದಿಗೆ ಧ್ವನಿಮುದ್ರಿಸಿದ್ದು 2000ದಲ್ಲಿ. ಅಂದರೆ ಅರ್ಧ ಶತಮಾನ ಜನ ಕೇಳಿದ ಕೊನೆಯ ಗುಚ್ಛದ ಉದ್ದ ಬರ್ನ್‌ಸ್ಟೈನ್ ಅವರದು, ಕರ್ಕಶತೆ ಮುದುಕ ಐವ್ಸ್ ಅವರದು, ಅದಕ್ಕೆ ಹಿಂದಿನ ನಲವತ್ತು ನಿಮಿಷ ಯುವಕ ಐವ್ಸ್ ಅವರದು. ಇದರಲ್ಲಿ ಯಾವುದನ್ನೂ ಪ್ರಕ್ಷಿಪ್ತ ಎಂದು ಹೊರಗೆ ಹಾಕಬೇಕಿಲ್ಲ. ಆದರೆ ಯಾವುದು ಯಾರದು ಎಂದು ಹೇಳದೆ ಇರುವುದು ತಪ್ಪು.

ಹೇಳದೆ ಇದ್ದುದರ ಬೆಲೆ 1987ರಲ್ಲಿ ತೆರಬೇಕಾಯಿತು. ಆ ವರ್ಷ ಸಂಗೀತ ವಿದ್ವಾಂಸ ಮೇನಾರ್ಡ್ ಸೊಲೊಮನ್ ಒಂದು ಪ್ರಬಂಧ ಬರೆದು, ಐವ್ಸ್ ತಮ್ಮ ಕೃತಿಗಳಿಗೆ ಬೇಕೆಂದೇ ಹಿಂದಿನ ದಿನಾಂಕ ಹಾಕಿರಬಹುದೆ ಎಂದು ಕೇಳಿದರು. ಸ್ಟ್ರಾವಿನ್‌ಸ್ಕಿ, ಶೋನ್‌ಬರ್ಗ್ ಅವರಿಗಿಂತ ಮೊದಲೇ ಆಧುನಿಕನಾದವನು ಎಂಬ ಐವ್ಸ್ ಕೀರ್ತಿಯ ಬುಡಕ್ಕೇ ಬಿದ್ದ ಪೆಟ್ಟು ಅದು. ಸೊಲೊಮನ್ ಬಳಿ ಸಾಕ್ಷಿಯೂ ಇತ್ತು. ರಚನಕಾರ ಎಲಿಯಟ್ ಕಾರ್ಟರ್ ಹುಡುಗನಾಗಿದ್ದಾಗಲೇ ಐವ್ಸ್ ಅವರನ್ನು ಬಲ್ಲವರು. ಐವ್ಸ್ ಹಳೆಯ ಕೃತಿಯೊಂದರ ಹಾಳೆಗಳಿಗೆ ಹೊಸದಾಗಿ ಕರ್ಕಶ ಸ್ವರಗಳನ್ನು ಸೇರಿಸುತ್ತಿದ್ದುದನ್ನು ಕಂಡೆ ಎಂದು ಅವರು ನೆನಪಿಸಿಕೊಂಡಿದ್ದರು. ಐವ್ಸ್ ಅಭಿಮಾನಿಗಳು ಕೆರಳಿದರು, ವಿರೋಧಿಗಳು ಹಿಗ್ಗಿದರು. ವಿವಾದ ತಣ್ಣಗಾದದ್ದು ಯಾರ ವಾಗ್ಮಿತೆಯಿಂದಲೂ ಅಲ್ಲ, ಕಾಗದದಿಂದ. ಗೇಲ್ ಶೆರ್‌ವುಡ್ ಎಂಬ ವಿದ್ವಾಂಸೆ ಹಾಳೆಗಳ ತಯಾರಕರ ಗುರುತು, ಕಾಗದದ ಬಗೆ, ಕಾಲಕಾಲಕ್ಕೆ ಬದಲಾದ ಐವ್ಸ್ ಕೈಬರಹ, ಇವನ್ನು ಒಂದೊಂದಾಗಿ ಹೋಲಿಸಿ ಹೊಸ ಕಾಲಾನುಕ್ರಮ ಕಟ್ಟಿದರು. ಅದರ ಪ್ರಕಾರ ಹಲವು ಕೃತಿಗಳು ಐವ್ಸ್ ಹೇಳಿದ್ದಕ್ಕಿಂತ ತಡವಾಗಿ ಹುಟ್ಟಿದ್ದವು ನಿಜ. ಆದರೆ ಕೆಲವು ಪ್ರಯೋಗಶೀಲ ರಚನೆಗಳು ಅವರು ಹೇಳಿದ ಕಾಲದವೇ. ವ್ಯವಸ್ಥಿತ ಮೋಸ ಕಾಣಲಿಲ್ಲ; ಕಂಡದ್ದು ದಶಕಗಳುದ್ದ ಒಂದೇ ಕೃತಿಯನ್ನು ಬಿಡದೆ ತಿದ್ದಿದ ಮನುಷ್ಯ. ಕೃತಿ ಹುಟ್ಟಿದ್ದು ಒಂದು ವರ್ಷ, ಬೆಳೆದದ್ದು ಇಪ್ಪತ್ತು ವರ್ಷ ಎಂಬುದನ್ನು ಒಂದೇ ದಿನಾಂಕದಲ್ಲಿ ಹಿಡಿಯಲು ಹೋದವರೆಲ್ಲ ಸೋತರು, ಐವ್ಸ್ ಸೇರಿದಂತೆ. ಯೇಲ್‌ನ ಪೆಟ್ಟಿಗೆಗಳಲ್ಲಿ ಹರಿದ, ಕೊಳೆಯಾದ, ಎರಡನೇ ದರ್ಜೆಯದೆಂದು ತೋರುವ ಹಾಳೆಗಳನ್ನೂ ಎಸೆಯದೆ ಉಳಿಸಿದ್ದರಿಂದ ಮಾತ್ರ ಈ ಪರೀಕ್ಷೆ ಸಾಧ್ಯವಾಯಿತು. ‘ಶುದ್ಧಪಾಠ’ ಸಿಕ್ಕ ಮೇಲೆ ಕರಡು ಯಾಕೆ ಎನ್ನುವವರಿಗೆ ಇದಕ್ಕಿಂತ ಗಟ್ಟಿ ಉತ್ತರ ಬೇಕಿಲ್ಲ.

ಒಳ್ಳೆಯ ಸಂಪಾದನೆ ಹೇಗಿರುತ್ತದೆ ಎಂಬುದಕ್ಕೆ ಐವ್ಸ್ ಪರಂಪರೆಯಲ್ಲೇ ಮಾದರಿ ಇದೆ. 1908ರ ‘ದಿ ಅನ್‌ಆನ್ಸರ್ಡ್ ಕ್ವೆಶ್ಚನ್’ ಪುಟ್ಟ ಕೃತಿ. ತಂತಿವಾದ್ಯಗಳು ಹಿನ್ನೆಲೆಯಲ್ಲಿ ಬಹು ಮೆಲ್ಲಗೆ, ಯಾರ ಗೊಡವೆಯೂ ಇಲ್ಲದಂತೆ ಸಾಗುತ್ತವೆ. ಕಹಳೆ ಏಳು ಸಲ ಒಂದು ಪ್ರಶ್ನೆ ಕೇಳುತ್ತದೆ. ಕೊಳಲುಗಳು ಆರು ಸಲ ಉತ್ತರಿಸಲು ಹೋಗಿ, ಸಲಸಲಕ್ಕೂ ತಾಳ್ಮೆ ಕಳೆದುಕೊಳ್ಳುತ್ತವೆ. ಏಳನೆಯ ಪ್ರಶ್ನೆಗೆ ಉತ್ತರವಿಲ್ಲ. ಮೂಲ ರೂಪದಲ್ಲಿ ಕಹಳೆಯ ಪ್ರಶ್ನೆ ಪ್ರತಿ ಸಲವೂ ಒಂದೇ ಸ್ವರದಲ್ಲಿ ನಿಲ್ಲುತ್ತದೆ. ಮೂವತ್ತರ ದಶಕದಲ್ಲಿ ಐವ್ಸ್ ತಿದ್ದಿದ ರೂಪದಲ್ಲಿ ಕೊನೆಯ ಸ್ವರ ಎರಡರ ನಡುವೆ ಬದಲಾಗುತ್ತ ಹೋಗುತ್ತದೆ, ಪ್ರಶ್ನೆ ಇನ್ನಷ್ಟು ಅತಂತ್ರವಾಗುತ್ತದೆ. ಬಹುಕಾಲ ತಿದ್ದಿದ ರೂಪವೊಂದೇ ಚಲಾವಣೆಯಲ್ಲಿತ್ತು. 1985ರಲ್ಲಿ ಪಾಲ್ ಎಕೋಲ್ಸ್ ಮತ್ತು ನೋಯಲ್ ಜಾಹ್ಲರ್ ಸಿದ್ಧಪಡಿಸಿದ ಆವೃತ್ತಿ ಎರಡನ್ನೂ ಒಂದೇ ರಟ್ಟಿನೊಳಗೆ ಕೊಟ್ಟಿತು. ಇದೇ ಮನೋಧರ್ಮದಿಂದ ಕೆನೆತ್ ಸಿಂಗಲ್‌ಟನ್ ಥರ್ಡ್ ಸಿಂಫನಿಯ ಪಾಠದಲ್ಲಿ, ಐವ್ಸ್ ಬರೆದು ಹೊಡೆದುಹಾಕಿದ್ದ ‘ನೆರಳಿನ ಸಾಲು’ಗಳನ್ನು ಬೇಕಾದವರು ನುಡಿಸಲಿ ಎಂದು ಉಳಿಸಿದರು. ವೈಲಿ ಹಿಚ್‌ಕಾಕ್ 2004ರಲ್ಲಿ 129 ಹಾಡುಗಳನ್ನು ಸಂಪಾದಿಸಿದಾಗಲೂ ಪ್ರತಿ ಹಾಡಿನ ಮೂಲಗಳ ಜಾತಕವನ್ನು ಬಿಚ್ಚಿಟ್ಟರು. 1973ರಲ್ಲಿ ಹುಟ್ಟಿದ ಚಾರ್ಲ್ಸ್ ಐವ್ಸ್ ಸೊಸೈಟಿ ಈ ಕೆಲಸಗಳ ಬೆನ್ನಿಗಿದೆ. ಜೇಮ್ಸ್ ಸಿಂಕ್ಲೇರ್ ಅವರ 1999ರ ವಿವರಣಾತ್ಮಕ ಸೂಚಿಯಲ್ಲಿ ಕರ್ಕ್‌ಪ್ಯಾಟ್ರಿಕ್ ಅವರ ‘ತಾತ್ಕಾಲಿಕ’ಕ್ಕೆ ಕೊನೆಗೂ ಒಬ್ಬ ಉತ್ತರಾಧಿಕಾರಿ ಸಿಕ್ಕ.

ಇದಕ್ಕೆ ವಾದಕರ ಆಕ್ಷೇಪ ಒಂದಿದೆ, ಅದು ಗಟ್ಟಿಯಾದದ್ದೇ. ಅನಿಶ್ಚಯವನ್ನು ಅಚ್ಚು ಮಾಡಿ ಎಂದು ಹೇಳುವುದು ಗ್ರಂಥಾಲಯದಲ್ಲಿ ಕೂತವರಿಗೆ ಸುಲಭ. ನಾಡಿದ್ದು ವೇದಿಕೆ ಏರಬೇಕಾದ ನೂರು ಜನರ ಮುಂದಿನ ಸ್ಟ್ಯಾಂಡಿನಲ್ಲಿ ಒಂದೇ ಪಾಠ ಇರಬೇಕು. ಎರಡನೆಯ ಪಿಟೀಲಿನವನಿಗೆ ಪಾಠಾಂತರ ಬೇಡ, ನುಡಿಸಬೇಕಾದ ಸ್ವರ ಬೇಕು. ಒಪ್ಪಬೇಕಾದ ಮಾತು. ಆದರೆ ವಾದಕರಿಗೆ ಬೇಕಾದ ಪಾಠವನ್ನೂ ಅಧ್ಯಯನದ ಪಾಠವನ್ನೂ ಬೇರೆ ಬೇರೆಯಾಗಿ ಕೊಡಬಹುದು. ಫೋರ್ತ್ ಸಿಂಫನಿಯ ವಿಷಯದಲ್ಲಿ 2011ರಲ್ಲಿ ಆದದ್ದು ಹೆಚ್ಚು ಕಡಿಮೆ ಇದೇ: ಸೊಸೈಟಿಯ ಪರಿಷ್ಕೃತ ಪಾಠ ಬಂತು, ಅದನ್ನು ನುಡಿಸಲು ಸಾಧ್ಯವಾಗುವಂತೆ ಥಾಮಸ್ ಬ್ರಾಡ್‌ಹೆಡ್ ಸಿದ್ಧಪಡಿಸಿದ ಪ್ರದರ್ಶನ ರೂಪವೂ ಬಂತು. ಪ್ರದರ್ಶನದ ಪಾಠ ಆರಿಸಿಕೊಳ್ಳುತ್ತದೆ, ಆರಿಸಿಕೊಳ್ಳಲೇಬೇಕು. ಆರಿಸಿದ್ದೇನೆ ಎಂದು ಹೇಳುವ ಪ್ರಾಮಾಣಿಕತೆ ಅದಕ್ಕಿದ್ದರೆ ಸಾಕು. ಇನ್ನೊಂದು ಆಕ್ಷೇಪ ರಚನಕಾರರ ಕಡೆಯಿಂದ ಬರುವಂಥದ್ದು: ಹೊಡೆದು ಹಾಕಿದ್ದನ್ನು ಮತ್ತೆ ಎತ್ತಿ ತೋರಿಸುವುದು ಸತ್ತವರಿಗೆ ಮಾಡುವ ದ್ರೋಹವಲ್ಲವೆ? ತನ್ನ ಕರಡುಗಳನ್ನು ಸುಟ್ಟುಹಾಕಿದ ಬ್ರಾಮ್ಸ್ ವಿಷಯದಲ್ಲಿ ಈ ಪ್ರಶ್ನೆಗೆ ತೂಕವಿದೆ. ಐವ್ಸ್ ಸುಡಲಿಲ್ಲ. ಫೋಟೋಸ್ಟಾಟ್ ಮಾಡಿಸಲು ದುಡ್ಡು ಖರ್ಚು ಮಾಡಿದರು, ಮೂವತ್ತರ ದಶಕದಲ್ಲಿ ತಮ್ಮ ಕೃತಿಗಳ ಬಗ್ಗೆ ನೆನಪುಗಳನ್ನು ಹೇಳಿ ಬರೆಯಿಸಿದರು. ಅವನ್ನೇ ಕರ್ಕ್‌ಪ್ಯಾಟ್ರಿಕ್ 1972ರಲ್ಲಿ ‘ಮೆಮೊಸ್’ ಎಂದು ಪ್ರಕಟಿಸಿದ್ದು. ಇಷ್ಟು ಮಾಡಿದವರು ತಮ್ಮ ಹಾಳೆಗಳನ್ನು ಯಾರೋ ಓದಲಿ ಎಂದೇ ಬಿಟ್ಟುಹೋದರು ಎಂದು ತಿಳಿಯುವುದು ತಪ್ಪಾಗದು.

ಹಾಗಾದರೆ ಸಂಪಾದಕ ಎಲ್ಲಿಯವರೆಗೆ ಹೋಗಬಹುದು? ‘ಯೂನಿವರ್ಸ್ ಸಿಂಫನಿ’ಯಲ್ಲಿ ಈ ಪ್ರಶ್ನೆ ತುದಿ ಮುಟ್ಟುತ್ತದೆ. ಭೂಮಿ, ಆಕಾಶ, ಸೃಷ್ಟಿಯನ್ನೆಲ್ಲ ವಾದ್ಯಗಳಲ್ಲಿ ಹಿಡಿಯಹೊರಟ ಆ ಕೃತಿಯನ್ನು ಐವ್ಸ್ ಮುಗಿಸಲಿಲ್ಲ. ಬೇರೆ ಯಾರಾದರೂ ಈ ಆಲೋಚನೆಯನ್ನು ಮುಂದುವರಿಸಲಿ ಎಂಬ ಆಶಯ ಬಿಟ್ಟುಹೋದರು. ತೊಂಬತ್ತರ ದಶಕದಲ್ಲಿ ಲ್ಯಾರಿ ಆಸ್ಟಿನ್ ಒಂದು ರೂಪ ಕೊಟ್ಟರು, ಜಾನಿ ರೈನ್‌ಹಾರ್ಡ್ ಇನ್ನೊಂದು. ಒಂದೇ ಹಾಳೆಗಳಿಂದ ಹೊರಟ ಎರಡೂ ಕೇಳಲು ಒಂದಕ್ಕೊಂದು ದೂರ. ಇವನ್ನು ನುಡಿಸಬಾರದು ಎನ್ನುವ ಮಡಿವಂತಿಕೆ ನನಗೆ ಒಪ್ಪಿಗೆಯಿಲ್ಲ, ಕರೆದವರೇ ಐವ್ಸ್ ಆಗಿರುವಾಗ. ಆದರೆ ಧ್ವನಿಮುದ್ರಿಕೆಯ ಮುಖಪುಟದಲ್ಲಿ ಐವ್ಸ್ ಹೆಸರು ದಪ್ಪಕ್ಷರದಲ್ಲೂ ಜೋಡಿಸಿದವರ ಹೆಸರು ಮೂಲೆಯಲ್ಲೂ ಬರುವುದು ವ್ಯಾಪಾರ, ಪರಂಪರೆಯ ರಕ್ಷಣೆ ಅಲ್ಲ. ರಕ್ಷಣೆಯ ಹೆಸರಿನಲ್ಲಿ ದಂತಕಥೆಗಳೂ ಬೆಳೆಯುತ್ತವೆ. ಗುಸ್ಟಾವ್ ಮಾಹ್ಲರ್ 1911ರಲ್ಲಿ ಥರ್ಡ್ ಸಿಂಫನಿಯ ಪ್ರತಿಯೊಂದನ್ನು ಯುರೋಪಿಗೆ ಕೊಂಡೊಯ್ದರು ಎಂಬ ಕಥೆ ಎಷ್ಟೋ ಕಾರ್ಯಕ್ರಮ ಟಿಪ್ಪಣಿಗಳಲ್ಲಿ ಸುತ್ತುತ್ತಿದೆ. ಸುಂದರ ಕಥೆ, ದಾಖಲೆ ಇಲ್ಲ. ಇದಕ್ಕೆ ಪ್ರತಿಯಾಗಿ ಸಂಗೀತ ಇತಿಹಾಸಜ್ಞೆ ವಿವಿಯನ್ ಪರ್ಲಿಸ್ 1968ರಲ್ಲಿ ಮಾಡಿದ್ದನ್ನು ನೋಡಬೇಕು. ಐವ್ಸ್ ಅವರ ವಿಮಾ ಪಾಲುದಾರ ಮೈರಿಕ್ ಅವರ ಮುಂದೆ ಟೇಪ್ ರೆಕಾರ್ಡರ್ ಇಟ್ಟು ಮಾತಾಡಿಸಿದ ಅವರು, ಅಲ್ಲಿಂದ ಬಂಧುಗಳು, ನೆರೆಯವರು, ಸಂಗೀತಗಾರರು ಎಂದು ಬದುಕಿದ್ದವರನ್ನೆಲ್ಲ ಹುಡುಕಿ ಧ್ವನಿಮುದ್ರಿಸಿಕೊಂಡರು. 1974ರಲ್ಲಿ ಅದು ಪುಸ್ತಕವಾಯಿತು, ಯೇಲ್‌ನಲ್ಲಿ ಅಮೆರಿಕನ್ ಸಂಗೀತದ ಮೌಖಿಕ ಇತಿಹಾಸದ ದೊಡ್ಡ ಸಂಗ್ರಹವೇ ಬೆಳೆಯಿತು. ಕಾರ್ಟರ್ ಅವರ ಆ ಇರಿಯುವ ನೆನಪು ದಾಖಲಾದದ್ದೂ ಅಲ್ಲೇ. ಹೊಗಳಿಕೆಯ ಜೊತೆಗೆ ದೂರನ್ನೂ ಉಳಿಸಿದ್ದರಿಂದ ಆ ಸಂಗ್ರಹಕ್ಕೆ ಬೆಲೆ.

ಇಷ್ಟೆಲ್ಲ ಶ್ರಮ, ಹಣ ಒಬ್ಬ ರಚನಕಾರರಿಗೆ ಯಾಕೆ, ಬದುಕಿರುವವರಿಗೆ ಕೊಡಬಾರದೆ ಎಂದು ಕೇಳುವವರೂ ಉಂಟು. ಐವ್ಸ್ ವಿಷಯದಲ್ಲಿ ಇದಕ್ಕೆ ಉತ್ತರ ಲೆಕ್ಕದ ಪುಸ್ತಕದಲ್ಲಿದೆ. ಬದುಕಿದ್ದಾಗ ಕವೆಲ್ ಅವರ ಪತ್ರಿಕೆಗೆ ಹಣ ಸುರಿದು ಬೇರೆ ರಚನಕಾರರ ಕೃತಿಗಳು ಅಚ್ಚಾಗುವಂತೆ ನೋಡಿಕೊಂಡವರು ಅವರು. ಹಾರ್ಮನಿ ಅವರ ಉಯಿಲಿನ ಪ್ರಕಾರ ಐವ್ಸ್ ಕೃತಿಗಳ ರಾಯಧನ ನ್ಯೂಯಾರ್ಕಿನ ಅಕಾಡೆಮಿ ಆಫ್ ಆರ್ಟ್ಸ್ ಅಂಡ್ ಲೆಟರ್ಸ್ ಸಂಸ್ಥೆಗೆ ಸೇರುತ್ತದೆ. ಆ ಹಣದಿಂದ ಎಳೆಯ ರಚನಕಾರರಿಗೆ ವಿದ್ಯಾರ್ಥಿವೇತನ ಸಲ್ಲುತ್ತಿದೆ. 1998ರಿಂದ ಆಯ್ದ ರಚನಕಾರರು ಸಂಬಳದ ಕೆಲಸ ಬಿಟ್ಟು ವರ್ಷಗಟ್ಟಲೆ ಬರೆಯುತ್ತ ಕೂರಲು ಜೀವನವೇತನವೂ ಸಿಗುತ್ತಿದೆ. ವೆಸ್ಟ್ ರೆಡಿಂಗ್ ಮನೆಯಲ್ಲಿದ್ದ ಐವ್ಸ್ ಅವರ ಕೆಲಸದ ಕೋಣೆಯನ್ನು, ಪಿಯಾನೋ ಸಮೇತ, ಅದೇ ಸಂಸ್ಥೆ ತನ್ನ ಕಟ್ಟಡದಲ್ಲಿ ಮರುಜೋಡಿಸಿ 2014ರಲ್ಲಿ ತೆರೆಯಿತು. ಕೋಣೆ ನೋಡಲು ಹೋಗುವವರು ಹೋಗಲಿ. ಆದರೆ ಪಾಠ ಕೆಟ್ಟರೆ ರಾಯಧನವೂ ಇಲ್ಲ, ಕೋಣೆಗೆ ಅರ್ಥವೂ ಇಲ್ಲ. ಹಾಗಾಗಿ ಸಂಪಾದನೆಯ ಖರ್ಚು ಮೊದಲ ಖರ್ಚು. ವೃಂದಗಳಿಗೂ ಧ್ವನಿಮುದ್ರಣ ಕಂಪನಿಗಳಿಗೂ ಒಂದು ಕೋರಿಕೆ: ಐವ್ಸ್ ಕೃತಿ ನುಡಿಸುವಾಗ ಕಾರ್ಯಕ್ರಮ ಪಟ್ಟಿಯಲ್ಲಿ ಅವರ ಹೆಸರಿನ ಕೆಳಗೇ, ಅದೇ ಗಾತ್ರದ ಅಕ್ಷರದಲ್ಲಿ, ಯಾವ ಆವೃತ್ತಿ, ಯಾರ ಸಂಪಾದನೆ, ಯಾವ ವರ್ಷದ್ದು ಎಂದು ಅಚ್ಚು ಹಾಕಿ. ಅದಕ್ಕೆ ಒಂದು ಸಾಲು ಸಾಕು.